ಎಲೆಯ ಮುಂದಿನಿಂದ ಎಬ್ಬಿಸಿದವರು

ನಾನು ನಿಂತಿದ್ದುದು ಜಗಲಿಯ ಮೂಲೆಯಲ್ಲಿ, ಅಡಿಗೆಮನೆಯ ಬಾಗಿಲ ಪಕ್ಕದ ಕಂಬಕ್ಕೆ ಒರಗಿ. ಸಂಕ್ರಾಂತಿ ಕಳೆದ ಮೇಲಿನ ಮೊದಲ ಮಂಗಳವಾರ, ಮಧ್ಯಾಹ್ನ ಊಟದ ಹೊತ್ತು. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿರುವ ಊರು. ಹೆಸರು ಬರೆಯುವುದಿಲ್ಲ, ಆ ಮನೆಯವರು ಇನ್ನೂ ಅಲ್ಲೇ ಇದ್ದಾರೆ. ಮನೆಯ ಮುಂದೆ ಅಂಗಳ, ಅಂಗಳದಾಚೆ ಗಾಡಿ ದಾರಿ, ಅದರಾಚೆ ಅವರದೇ ಇಟ್ಟಿಗೆ ಗೂಡು. ಜಗಲಿಯ ಮೇಲೆ ಸಾಲಾಗಿ ಬಾಳೆ ಎಲೆ ಹಾಕಿತ್ತು. ಮೊದಲ ಎಲೆಯ ಮುಂದೆ ಸರ್ಕಾರದ ಅಧಿಕಾರಿಯೊಬ್ಬರು ಕೂತಿದ್ದರು. ಮುದ್ದೆ ಇಕ್ಕಿ ಆಗಿತ್ತು. ಸಾರು ಬರುವುದರಲ್ಲಿತ್ತು. ಆಗ ನಮ್ಮ ಮೇಡಂ, ಜಗಲಿ ಹತ್ತದೆ, ಅಂಗಳದಲ್ಲೇ ನಿಂತು ಹೇಳಿದರು:

“ಸಾರ್, ದಯವಿಟ್ಟು ಏಳಿ. ನೀವಿಲ್ಲಿ ಉಂಡ್ರೆ ಅವರ್ಯಾರೂ ಬಾಯಿ ಬಿಡಲ್ಲ.”

ನಮ್ಮ ಕಡೆ ಕೋರ್ಟಿಗೆ ಹೋಗಿ ಜಗಳವಾಡುವ ಅಣ್ಣತಮ್ಮಂದಿರೂ ಒಬ್ಬನು ಉಣ್ಣಲು ಕೂತಿದ್ದರೆ ಇನ್ನೊಬ್ಬನು ಹೊರಗೆ ಕಾಯುತ್ತಾನೆ. ಉಣ್ಣುವವನನ್ನು ಏಳು ಅನ್ನುವುದಿಲ್ಲ. ಇವರು ಅಂದರು. ಮೇಡಂ ತೀರಿಕೊಂಡು ಎರಡು ತಿಂಗಳಾಗುತ್ತಾ ಬಂತು. ನಮ್ಮ ಕಡೆ ಅವರ ಬಗ್ಗೆ ಉಳಿದಿರುವುದು ಇದೊಂದೇ ಮಾತು, ‘ಎಲೆ ಮುಂದಿಂದ ಎಬ್ಬಿಸಿದವಳು’ ಅಂತ. ಅದು ಸುಳ್ಳಲ್ಲ, ನಾನೇ ಕಂಡಿದ್ದೇನೆ. ಅದಕ್ಕೆ ಮುಂಚೆ ನಡೆದದ್ದನ್ನೂ ಕಂಡಿದ್ದೇನೆ. ಅದನ್ನು ಯಾರೂ ಹೇಳುವುದಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ನಮ್ಮದೊಂದು ಸಣ್ಣ ಟ್ರಸ್ಟು. ಮಂಡ್ಯದಲ್ಲಿ ಒಂದು ಮಹಡಿಕೋಣೆಯೇ ಆಫೀಸು. ಹಳೆಯ ಮಂಟಪ, ಕಲ್ಯಾಣಿ, ಛತ್ರ, ಬೀಳುವುದಕ್ಕೆ ಆಗಿರುವುದನ್ನು ಹಿಡಿದು ನಿಲ್ಲಿಸುವುದು ಕೆಲಸ. ನಾನು ಕೆರಗೋಡಿನವನು, ಡಿಪ್ಲೊಮಾ ಓದಿ ಅಲ್ಲಿ ಸೈಟು ನೋಡಿಕೊಳ್ಳಲು ಸೇರಿದೆ. ಮೇಡಂ ನನಗಿಂತ ಮುಂಚೆಯೇ ಅಲ್ಲಿದ್ದರು. ಖರೀದಿ ಅವರದು. ಸುಣ್ಣ, ಇಟ್ಟಿಗೆ, ಕಲ್ಲು, ಸಾರವೆ ಕಟ್ಟುವ ಮರ, ಹಗ್ಗ, ಗಾರೆಗೆ ಬೆರೆಸುವ ಬೆಲ್ಲ, ಎಲ್ಲ ಅವರು ಒಪ್ಪಿದ ಮೇಲೆ ಸೈಟಿಗೆ ಬರುತ್ತಿತ್ತು. ಎತ್ತರದ, ತೆಳ್ಳನೆಯ ಹೆಂಗಸು. ನೂಲಿನ ಸೀರೆ, ಕಾಲಿಗೆ ಕ್ಯಾನ್ವಾಸ್ ಬೂಟು. ಕನ್ನಡಕವನ್ನು ದಾರ ಕಟ್ಟಿ ಕುತ್ತಿಗೆಗೆ ಇಳಿಬಿಟ್ಟುಕೊಳ್ಳುತ್ತಿದ್ದರು. ಕಷ್ಟದ ಮಾತೊಂದು ಬರುವುದಿದ್ದರೆ ಮೊದಲು ಸೆರಗಿನಿಂದ ಅದರ ಗಾಜು ಒರೆಸುತ್ತಿದ್ದರು. ಅದು ಕಂಡರೆ ನಾವು ಸುಮ್ಮನಾಗುತ್ತಿದ್ದೆವು.

ಒಂದು ವರ್ಷ, ದುಡ್ಡು ಕೊಡುವ ಹೊರದೇಶದ ಸಂಸ್ಥೆಯವರು ಹೊಸ ಷರತ್ತು ಹಾಕಿದರು. ನೀವು ಕೊಳ್ಳುವ ಯಾವ ಸಾಮಾನೂ ಜೀತಕ್ಕಿಟ್ಟುಕೊಂಡವರ ಕೈಯಿಂದ, ಕೂಡಿಹಾಕಿ ದುಡಿಸಿದವರ ಕೈಯಿಂದ ಬಂದದ್ದಾಗಿರಬಾರದು, ನೋಡಿಕೊಳ್ಳಿ ಎಂದು. ನಮ್ಮ ಸೆಕ್ರೆಟರಿ ಹಗುರವಾಗಿ ತೆಗೆದುಕೊಂಡರು.

“ಮಾರೋರ್ ಅತ್ರ ಒಂದೊಂದು ಸೈನ್ ಆಕುಸ್ಕಂಡ್ ಬಂದ್ಬುಡಮ್ಮ. ನಮ್ಮಲ್ಲಿ ಅಂತಾದ್ದೆಲ್ಲ ಇಲ್ಲ ಅಂತ.”

“ಹಾಕ್ತಾರೆ ಸಾರ್,” ಅಂದರು ಮೇಡಂ. “ಕೇಳಿದ್ರೆ ಎರಡೆರಡು ಹಾಕ್ತಾರೆ.”

ಅವರು ಸೈನ್ ಹಾಕಿಸಿಕೊಳ್ಳಲು ಹೋಗಲಿಲ್ಲ, ನೋಡಲು ಹೋದರು. ನಾನು ಮಾಲು ಪರೀಕ್ಷೆ ಮಾಡಬೇಕಾದ್ದರಿಂದ ಜೊತೆಗೆ. ಜೀಪು ಓಡಿಸುತ್ತಿದ್ದವನು ನಯಾಜ್, ಮಂಡ್ಯದ ಮೆಕ್ಯಾನಿಕ್ ಮನೆತನದವನು. ಅವನಿಗೂ ಮೇಡಂಗೂ ದಾರಿಯುದ್ದಕ್ಕೂ ಏನಾದರೊಂದು ಜಟಾಪಟಿ.

ಗೂಡಿನಲ್ಲಾಗಲಿ ಕಲ್ಲುಕ್ವಾರಿಯಲ್ಲಾಗಲಿ ಅವರು ಕೂಲಿ ಎಷ್ಟು ಎಂದು ಕೇಳುತ್ತಿರಲಿಲ್ಲ. ಕೂಲಿ ಎಷ್ಟು ಎಂದರೆ ಆಳುಗಳು ಧಣಿಯ ಮುಖ ನೋಡಿ ಹೇಳಿಕೊಟ್ಟದ್ದನ್ನು ಹೇಳುತ್ತಾರೆ. ಜೀತ ಅನ್ನುವ ಪದವನ್ನಂತೂ ಅವರು ಆಡಿದ್ದು ನಾನು ಕೇಳಲಿಲ್ಲ. ಹೆಂಗಸರ ನಡುವೆ ಹೋಗಿ ಕುಕ್ಕರುಗಾಲಲ್ಲಿ ಕೂತು, “ಏನವ್ವಾ, ಈ ವಾರ ಸಂತೇಲಿ ತರಕಾರಿ ಹೆಂಗಿತ್ತು?” ಅನ್ನುತ್ತಿದ್ದರು. ಅಷ್ಟೇ ಅವರ ತನಿಖೆ. ವಾರಕ್ಕೊಮ್ಮೆ ತನ್ನಿಚ್ಛೆಯಂತೆ ಸಂತೆಗೆ ಹೋಗಿ ಬರುವವಳಿಗೆ ಅದಕ್ಕೆ ಉತ್ತರ ನಾಲಿಗೆಯ ತುದಿಯಲ್ಲಿರುತ್ತದೆ. ಒಂದು ಸುಣ್ಣದ ಗೂಡಿನಲ್ಲಿ ಈ ಮಾತು ಕೇಳಿದ್ದೇ ತಡ, ಹೆಂಗಸರು ಕೈಕೆಲಸ ಬಿಟ್ಟು ಶುರುಮಾಡಿದರು.

“ಯೋ, ಕೇಳ್ಬ್ಯಾಡಿ ಬುಡ್ರವ್ವ! ಎಲ್ಲಾ ಉಳ.”

“ಆ ಟಮಾಟೆ ಮಾರೋನ ಕೈ ಸೇದೋಗ. ತಕ್ಕಡೀನೇ ಸೊಟ್ಟ ಕಣವ್ವೋ ಅವುನ್ದು.”

ಒಬ್ಬಳು ಕೈ ಚಾಚಿ ಹೊಸ ಬಳೆ ತೋರಿಸಿದಳು. ಮೇಡಂ ನಗುತ್ತಾ ಜೀಪಿಗೆ ಬಂದರು. “ಈ ಸುಣ್ಣ ತಗೋಬಹುದು ಕಣ್ರಿ. ಸಂತೇನ ಇಷ್ಟು ಬೈತಾರೆ ಅಂದ್ರೆ ಇವರನ್ಯಾರೂ ಹಿಡ್ಕೊಂಡಿಲ್ಲ.”

“ಅಂಗಾರೆ ನಮ್ಮನೆಯೋಳನ್ನ ಕೇಳಿ ಮೇಡಮ್ಮೋರೆ,” ಅಂದ ನಯಾಜ್. “ಅವಳು ಬೈಯೋದು ಕೇಳುದ್ರೆ ಇಡೀ ಜಿಲ್ಲೆ ಸುಣ್ಣ ತಕ್ಕೊಬುಡ್ತೀರ.”

ಆಗ ಅವರು ಹಾಗೆ ನಗುತ್ತಿದ್ದರು. ಅದನ್ನು ಬರೆದಿಡಬೇಕು, ಯಾಕೆಂದರೆ ಆಮೇಲೆ ಅವರನ್ನು ಕಂಡವರಿಗೆ ಇದು ಗೊತ್ತಿಲ್ಲ.

ಮಳವಳ್ಳಿಯ ಕಡೆ ಕಲ್ಯಾಣಿಯೊಂದರ ದಂಡೆಯಲ್ಲಿ ಹಳೆಯ ಮಂಟಪದ ಕೆಲಸ ಹಿಡಿದಿದ್ದೆವು. ಅದರ ಹಿಂಗೋಡೆ ತೆಳು ಇಟ್ಟಿಗೆಯದು, ಹಳೇ ಕಾಲದ ಅಳತೆ. ಈಗ ಅಂಥದ್ದನ್ನು ಕೈಯಲ್ಲೇ ಅಚ್ಚು ಹಾಕಿ ಮಾಡಬೇಕು. ಹೆಚ್ಚಿನ ಗೂಡಿನವರು ಆಗಲ್ಲ ಅಂದರು. ಆಗುತ್ತೆ ಅಂದವರು ಮೊದಲು ಹೇಳಿದ ಆ ಊರಿನ ಗೂಡಿನ ಧಣಿ. ಎಲ್ಲರೂ ಅವರನ್ನು ಯಜಮಾನ್ರು ಅನ್ನುತ್ತಿದ್ದರು. ನಮ್ಮ ಸೆಕ್ರೆಟರಿಗೆ ಹೆಂಡತಿಯ ಕಡೆಯಿಂದ ನೆಂಟರು. ಅವರೆಕಾಯಿ ಆಗ ತಾನೇ ಬರತೊಡಗಿತ್ತು. ನಾವು ಮೂವರೂ ಹೋದೆವು.

ಗೂಡಿನ ಪಕ್ಕದ ಬಯಲಿನಲ್ಲಿ ಹೆಂಗಸರು ಸಾಲಾಗಿ ಕೂತು ಇಟ್ಟಿಗೆ ಹೊಡೆಯುತ್ತಿದ್ದರು. ರಾಯಚೂರಿನ ಕಡೆಯಿಂದ ಬಂದ ಸಂಸಾರಗಳು. ತುದಿಯಲ್ಲಿ ಕೂತಿದ್ದವಳು ಹನುಮವ್ವ. ಹೆಸರು ನನಗೆ ತಿಳಿದದ್ದು ಆಮೇಲೆ. ಮೊಣಕೈವರೆಗೆ ಕೆಸರು. ಮಣ್ಣಿನ ಮುದ್ದೆ ಎತ್ತಿ ಅಚ್ಚಿಗೆ ಬಡಿಯುತ್ತಿದ್ದಳು. ಮೇಡಂ ಅವಳೆದುರು ಕೂತು ಎಂದಿನಂತೆ ಕೇಳಿದರು.

“ಏನವ್ವಾ, ಈ ವಾರ ಸಂತೇಲಿ ಅವರೆಕಾಯಿ ಹೆಂಗಿತ್ತು?”

ಹನುಮವ್ವ ಕೈ ನಿಲ್ಲಿಸಿ ನೋಡಿದಳು. “ಇಲ್ಲಿ ಸಂತಿ ಯಾವ ದಿನ ಆಗತೈತ್ರಿ?”

ಆ ಸಂಸಾರಗಳು ಅಲ್ಲಿಗೆ ಬಂದು ಬಹಳ ಕಾಲವಾಗಿತ್ತು. ಸಂತೆ ಕೂಗಿದರೆ ಕೇಳುವಷ್ಟು ಹತ್ತಿರ. ಮೇಡಂ ಸೆರಗು ತೆಗೆದು ಕನ್ನಡಕ ಒರೆಸಿದರು.

ಹನುಮವ್ವ ಅತ್ತಿತ್ತ ನೋಡಿ ದನಿ ತಗ್ಗಿಸಿದಳು. “ಅಕ್ಕಾರ, ನಮ್ಮ ಕಡಿ ಬಸ್ಸು ಎಲ್ಲಿಂದ ಹೋಗತಾವ್ರಿ? ಸಂಕ್ರಮಣದ ಹೊತ್ತಿಗೆ ನನ್ನ ಮಗಳ ದಿನ ತುಂಬತಾವ. ಚೊಚ್ಚಲ ಹೆರಿಗಿ. ಅಕಿಗೆ ನಾ ಬಿಟ್ರ ಯಾರೂ ಇಲ್ರಿ. ಇವರು ನೋಡಿದ್ರ...”

“ಓಹೋ, ಬನ್ನಿ ಬನ್ನಿ!” ಯಜಮಾನರು ದಾರಿಯಾಚೆಯಿಂದಲೇ ಕೈಯೆತ್ತಿ ಬಂದರು. “ಬಿಸ್ಲಲ್ಲಿ ಕೂತ್ಕಂಡ್ ಏನ್ ಮಾತು? ಮೊದ್ಲು ಊಟ. ಆಮೇಲ್ ಇಟ್ಟಿಗೆ.”

ಮೇಡಂ ಬೇಡ ಅಂದರು. ಹಸಿವಿಲ್ಲ ಅಂದರು. ಅಷ್ಟರಲ್ಲಿ ಯಜಮಾನರ ತಾಯಿ ಪುಟ್ಟಮ್ಮ ತಾವೇ ಅಂಗಳ ದಾಟಿ ಬಂದು ಅವರ ಮಣಿಕಟ್ಟು ಹಿಡಿದರು. ಬೆನ್ನು ಬಾಗಿದ ಮುದುಕಿ, ಬಾಯಿ ತುಂಬ ಎಲೆಅಡಿಕೆ.

“ಬೆಳಕವಾಡಿ ಕಡೆಯೋಳಂತೆ ನೀನು? ನಮ್ಮಕ್ಕನ್ನ ಕೊಟ್ಟಿದ್ದು ಅಲ್ಲೇಯ ಕಣವ್ವ. ನಮ್ಮ ಬಾಗ್ಲಿಗ್ ಬಂದು ಬರೀ ಒಟ್ಟೇಲಿ ಓದ್ರೆ ನಂಗ್ ಒಳ್ಳೇದಾದಾತಾ? ಒಂದೇ ಒಂದ್ ಮುದ್ದೆ. ಬಾ.”

ಆ ಕೈಯನ್ನು ಬಿಡಿಸಿಕೊಳ್ಳುವುದು ನಮ್ಮ ಕಡೆ ಹುಟ್ಟಿದವರಿಗೆ ಆಗುವುದಿಲ್ಲ. ಮೇಡಂ ಜಗಲಿ ಹತ್ತಿದರು. ನಾವೂ ಹತ್ತಿದೆವು. ಹಿದಕಿದ ಅವರೆಬೇಳೆ ಸಾರು, ಮುದ್ದೆಯ ಗುಳಿಯಲ್ಲಿ ತುಪ್ಪ. ಪುಟ್ಟಮ್ಮ ಪಕ್ಕದಲ್ಲೇ ಕೂತು, “ಇನ್ನೊಸಿ, ಇನ್ನೊಸಿ” ಎಂದು ಬಡಿಸಿದರು. ಜಗಲಿ ಗೂಡಿನ ಕಡೆಗೇ ತೆರೆದಿದೆ. ನಾವು ಉಣ್ಣುವುದು ಅಲ್ಲಿಗೆ ಕಾಣುತ್ತಿತ್ತು. ಅಲ್ಲಿಂದ ಅವರು ನೋಡುತ್ತಿದ್ದುದು ನಮಗೂ ಕಾಣುತ್ತಿತ್ತು.

ಊಟವಾದ ಮೇಲೆ ಮೇಡಂ ನೇರವಾಗಿ ಹನುಮವ್ವನ ಹತ್ತಿರ ಹೋದರು. ನಾನು ಹಿಂದೆ ಇದ್ದೆ. ಅವಳು ತಲೆ ಎತ್ತದೆ ಕೇಳಿದಳು.

“ಉಂಡ್ರೇನ್ರೀ?”

“ಉಂಡೆ ಕಣವ್ವ.”

“ಚಲೋ ಆತ್ರಿ.”

“ಬಸ್ಸಿನ ವಿಷಯ ಏನೋ ಕೇಳ್ತಿದ್ದೆ...”

“ಯಾವ ಬಸ್ರಿ? ನಾ ಏನೂ ಕೇಳಿಲ್ರಿ.” ಮಣ್ಣು ಎತ್ತಿ ಅಚ್ಚಿಗೆ ಬಡಿದಳು. ಸಾಲಿನಲ್ಲಿದ್ದ ಉಳಿದವರೂ ಅಷ್ಟೇ. ಒಬ್ಬರೂ ಬಾಯಿ ತೆರೆಯಲಿಲ್ಲ.

ಜೀಪು ಮದ್ದೂರು ತಲುಪಿತು. ಮೇಡಂ ತಮ್ಮ ಬಲಗೈಯನ್ನು ಮೂಗಿನ ಹತ್ತಿರ ಹಿಡಿದು, “ತೊಳೆದ್ರೂ ತುಪ್ಪದ ವಾಸನೆ ಹೋಗಿಲ್ಲ,” ಅಂದರು. “ಆ ಹೆಂಗಸು ಜೀವ ಕೈಲಿ ಹಿಡ್ಕೊಂಡು ಒಂದು ಮಾತು ಹೇಳಿದ್ಲು. ನಾನು ಎದ್ದು ಹೋಗಿ ಅವಳ ಧಣಿ ಮನೇಲಿ ಉಂಡೆ. ಅವಳ ಪಾಲಿಗೆ ನಾನೀಗ ಆ ಮನೆಯೋಳು.”

“ಅವರು ಬುಡಲಿಲ್ವಲ್ಲ ಮೇಡಮ್ಮೋರೆ,” ಅಂದ ನಯಾಜ್.

“ಬಿಡದೇ ಇರೋದು ಅವರ ಪದ್ಧತಿ ನಯಾಜ್. ಬೇಡ ಅನ್ನೋಕೆ ನನಗೆ ಸಂಬಳ ಕೊಡ್ತಾರೆ.”

ಮರುದಿನದಿಂದಲೇ ಬುತ್ತಿ ಬಂತು. ಮೂರು ಅಂತಸ್ತಿನ ಸ್ಟೀಲ್ ಕ್ಯಾರಿಯರ್, ಚೌಕುಳಿ ಟವೆಲ್ಲಿನಲ್ಲಿ ಗಂಟು. ಜೊತೆಗೆ ನೀರಿನ ಬಾಟಲಿ. ಟ್ರಸ್ಟಿಗೆ ಏನನ್ನಾದರೂ ಮಾರುವವರ ಮನೆಯಲ್ಲಿ, ಮಾರುವವರ ನೆಂಟರ ಮನೆಯಲ್ಲಿ ನೀರೂ ಕುಡಿಯುವುದಿಲ್ಲ ಎಂದು ನಿಶ್ಚಯಿಸಿಕೊಂಡರು. ಹೇಳುವುದು ಸುಲಭ. ನಮ್ಮ ಮೂರು ತಾಲ್ಲೂಕಿನಲ್ಲಿ ಯಾರು ಯಾರಿಗೆ ನೆಂಟರಲ್ಲ? ನನ್ನ ಭಾವಮೈದ ಸೈಟಿಗೆ ಜಲ್ಲಿ ತಂದು ಮಾರುತ್ತಿದ್ದ. ನನ್ನ ಮಗಳ ನಾಮಕರಣಕ್ಕೆ ಬಂದ ಮೇಡಂ ಮಗುವಿನ ಕೈಗೆ ಉಡುಗೊರೆ ಇಟ್ಟು, ಪಂಕ್ತಿ ಕೂರುವ ಮುಂಚೆ ಹೊರಟುಬಿಟ್ಟರು. ನನ್ನ ಹೆಂಡತಿ ಇವತ್ತಿಗೂ ಅದನ್ನು ಮರೆತಿಲ್ಲ. ನಯಾಜನ ಚಿಕ್ಕಪ್ಪನ ಮಗ ನಮಗೆ ಗ್ರಿಲ್ ಬೆಸುಗೆ ಮಾಡುತ್ತಿದ್ದ. ಹಬ್ಬಕ್ಕೆ ಕರೆದರೆ ಅಲ್ಲಿಗೂ ಇಲ್ಲ.

“ಮೇಡಮ್ಮೋರು ಮುದ್ದೆಗೂ ಇಲ್ಲ, ಬಿರಿಯಾನಿಗೂ ಇಲ್ಲ,” ಅನ್ನುತ್ತಿದ್ದ ಅವನು. “ಎರಡು ಕಡೇಲೂ ಓಟ್ ಕಳ್ಕಂಡ್ರು.”

ಮೊದಲು ಜನ ಒತ್ತಾಯ ಮಾಡಿದರು, ಆಮೇಲೆ ಸಿಟ್ಟಾದರು, ಆಮೇಲೆ ಕರೆಯುವುದನ್ನೇ ಬಿಟ್ಟರು. ಮಂಡ್ಯದಲ್ಲಿ ಹಾಲಿನ ಡೈರಿಯ ಹಿಂದಿನ ಬೀದಿಯಲ್ಲಿ ಅವರದೊಂದು ಬಾಡಿಗೆ ಮನೆ. ಮದುವೆಯಾಗಿರಲಿಲ್ಲ. ಅಣ್ಣನ ಮನೆಗೆ ಹೋಗಿಬರುತ್ತಿದ್ದುದೂ ಕಮ್ಮಿಯಾಯಿತು. ಸೈಟಿನಲ್ಲಿ ನಾವೆಲ್ಲ ಒಟ್ಟಿಗೆ ಉಣ್ಣುವಾಗ ಅವರು ಸ್ವಲ್ಪ ದೂರದ ಕಲ್ಲಿನ ಮೇಲೆ ಕೂತು ಕ್ಯಾರಿಯರ್ ಬಿಚ್ಚುತ್ತಿದ್ದರು. ಅಹಂಕಾರ ಅಂದರು ಕೆಲವರು. ಸ್ವಲ್ಪ ಇತ್ತೋ ಏನೋ. ನಾಲಿಗೆಯೂ ಹರಿತವಾಗುತ್ತಾ ಹೋಯಿತು. ಆದರೆ ಉಣ್ಣುವಾಗ ಅವರು ನಮ್ಮ ಕಡೆಗೆ ನೋಡುತ್ತಿದ್ದ ರೀತಿಯಲ್ಲಿ ಅಹಂಕಾರ ಇರಲಿಲ್ಲ.

ಆ ದಿನಗಳಲ್ಲೇ ಯಜಮಾನರ ಗೂಡಿನಿಂದ ಒಂದು ಲೋಡು ಇಟ್ಟಿಗೆಯನ್ನು ಮೇಡಂ ಬೇಡವೆಂದರೂ ಸೆಕ್ರೆಟರಿ ತರಿಸಿದರು, ನಮೂನೆಗೆ ಅಂತ. ಮೇಡಂ ಅಧಿಕಾರಿಗಳ ಕಚೇರಿಗೆ ಹೋದರು. ದೂರು ಯಾರದು, ಹೆಸರು ಹೇಳಿ, ಅಂದರು ಅಲ್ಲಿ. ಹೆಸರು ಹೇಳುವ ಹಾಗಿರಲಿಲ್ಲ. ಹೇಳಿದ್ದರೆ ಹನುಮವ್ವನೇ ಇಲ್ಲ ಅನ್ನುತ್ತಿದ್ದಳು. ಸೆಕ್ರೆಟರಿ, “ನಮ್ ಕೆಲ್ಸ ಮಂಟಪ ಕಟ್ಟೋದು ಕಣಮ್ಮ, ಊರ್ ಉದ್ಧಾರ ಅಲ್ಲ,” ಅಂದರು. ಮೇಡಂ ಕನ್ನಡಕ ಒರೆಸಿದರು. “ಆ ಮಂಟಪ ಕಟ್ಟಿದೋರ ಹೆಸರು ಒಂದೂ ಉಳಿದಿಲ್ಲ ಅಂತ ಪ್ರತಿ ಭಾಷಣದಲ್ಲೂ ಮರುಗ್ತೀರಲ್ಲ ಸಾರ್. ಈಗ ಅದಕ್ಕೆ ಇಟ್ಟಿಗೆ ಹೊಡೆಯೋರು ಇನ್ನೂ ಬದುಕಿದಾರೆ.”

ಅಲ್ಲಿಂದ ಮುಂದೆ ಮೇಡಂ ಪ್ರತಿ ಮಂಗಳವಾರ, ಅಂದರೆ ಆ ಕಡೆಯ ಸಂತೆಯ ದಿನ, ರಜೆ ಹಾಕಿ ಬಸ್ಸಿನಲ್ಲಿ ಹೋಗಿ, ಗೂಡಿನ ಗೇಟಿಗೆ ಎದುರಾಗಿ ದಾರಿ ಬದಿಯ ಹೊಂಗೆ ಮರದಡಿ ಕೂರುತ್ತಿದ್ದರು. ಬುತ್ತಿ ಉಣ್ಣುತ್ತಿದ್ದರು. ಏನನ್ನೂ ಕೇಳುತ್ತಿರಲಿಲ್ಲ. ಸುತ್ತಲ ಊರಿನವರೆಲ್ಲ ಚೀಲ ಹಿಡಿದು ಸಂತೆಗೆ ಹೋಗುತ್ತಿದ್ದರು, ಬರುತ್ತಿದ್ದರು. ಗೇಟಿನೊಳಗಿನಿಂದ ಒಬ್ಬರೂ ಹೊರಡುತ್ತಿರಲಿಲ್ಲ. ಸಂಜೆ ಯಜಮಾನರ ಟ್ರ್ಯಾಕ್ಟರಿನಲ್ಲಿ ಅಕ್ಕಿ, ಮೆಣಸಿನಕಾಯಿ ಮೂಟೆ ಒಳಗೆ ಹೋಗುತ್ತಿತ್ತು, ಗೇಟಿಗೆ ಬೀಗ ಬೀಳುತ್ತಿತ್ತು. ಒಂದೆರಡು ಸಲ ನಾನು ಮಳವಳ್ಳಿಗೆ ಹೋಗುವಾಗ ಆ ಊರಿಗೆ ತಿರುಗಿ ಅವರನ್ನು ಅಲ್ಲಿ ಕಂಡೆ. ಮರದಡಿ ಒಬ್ಬರೇ. ಎದುರಿಗೆ ಬಿಚ್ಚಿದ ಕ್ಯಾರಿಯರ್. ಬೇಲಿಯೊಳಗೆ ಹನುಮವ್ವ ಕೊಡ ಇಟ್ಟುಕೊಂಡು ನಿಂತು ಅವರು ಉಣ್ಣುವುದನ್ನು ನೋಡುತ್ತಿದ್ದಳು.

ಕಣ್ಣಾರೆ ಕಂಡ ಇಷ್ಟನ್ನು ಮೇಡಂ ತಮ್ಮ ಸ್ವಂತ ದೂರಾಗಿ ಬರೆದುಕೊಟ್ಟರು. ಸಂಕ್ರಾಂತಿ ಕಳೆದ ಮೇಲೆ ಉಪವಿಭಾಗದ ಅಧಿಕಾರಿ ವಿಚಾರಣೆಗೆ ಬಂದರು. ನಮ್ಮನ್ನೂ ಬರಲು ಹೇಳಿದ್ದರು.

ಆ ಬೆಳಗ್ಗೆ ಯಜಮಾನರೇ ಅಧಿಕಾರಿಯ ಪಕ್ಕದಲ್ಲಿ ನಡೆದು ಗೂಡು ತೋರಿಸಿದರು. ಅಧಿಕಾರಿ ಕೇಳಿದಲ್ಲೆಲ್ಲ ಒಂದೇ ಉತ್ತರ: “ಏನೂ ತೊಂದ್ರಿ ಇಲ್ರಿ.” ಹನುಮವ್ವನೂ ಅದನ್ನೇ ಅಂದಳು. ಆದರೆ ಅವಳು ಹೇಳುವಾಗ ನೋಡಿದ್ದು ಅಧಿಕಾರಿಯನ್ನಲ್ಲ, ಅವರ ಹಿಂದೆ ನಿಂತಿದ್ದ ಮೇಡಂ ಕೈಯಲ್ಲಿದ್ದ ಟವೆಲ್ಲಿನ ಗಂಟನ್ನು.

“ಊಟ ಮಾಡ್ಕಂಡ್ ಬರ್ಕೊಳಿ ಸಾರ್,” ಅಂದರು ಯಜಮಾನರು. “ಇನ್ನೇನೈತೆ, ಎಲ್ಲ ನೀವೇ ಕೇಳುದ್ರಲ್ಲ.”

ಅಧಿಕಾರಿ ಕೈ ತೊಳೆದರು. ಕೂತರು. ಕೆಲಸದವರೆಲ್ಲ ಗೂಡಿನ ಅಂಚಿಗೆ ಬಂದು ನಿಂತಿದ್ದರು. ಯಾರೂ ಅವರನ್ನು ಕರೆದಿರಲಿಲ್ಲ. ಮುದ್ದೆ ಬಂತು. ಮೇಡಂ ಏಳಿ ಅಂದದ್ದು ಆಗ.

ಪುಟ್ಟಮ್ಮ ಸಾರಿನ ಪಾತ್ರೆ ಹಿಡಿದು ನನ್ನ ಪಕ್ಕದ ಬಾಗಿಲಲ್ಲಿ ನಿಂತಿದ್ದರು. ಎತ್ತಿದ ಸೌಟನ್ನು ಮತ್ತೆ ಪಾತ್ರೆಗೆ ಇಳಿಸಿದರು.

“ಉಣ್ಣೋರ್ನ ಎಬ್ಬುಸ್ತೀಯೇನವ್ವ?” ಅಂದರು. ಬೈಗುಳವಲ್ಲ. ನಿಜವಾಗಿಯೂ ಕೇಳುತ್ತಿದ್ದರು. “ನಾನು ನಿನ್ ಕೈ ಇಡ್ದು ಇಕ್ಕಿದ್ನಲ್ಲವ್ವ.”

ಯಜಮಾನರು ಎಲೆ ದಾಟಿಕೊಂಡು ಜಗಲಿಯ ಅಂಚಿಗೆ ಬಂದರು.

“ಯಾರಮ್ಮಿ ನೀನು? ನಮ್ಮನೆ ಅಂಗಳ್ದಲ್ಲಿ ನಿಂತ್ಕಂಡು ನಮಗೇ ಬುದ್ಧಿ ಏಳ್ತೀಯಾ? ನಿಮ್ಮಪ್ಪನ ಆಲೆಮನೇಲಿ ಏನ್ ನಡೀತಿತ್ತು ಅಂತ ನಂಗೊತ್ತಿಲ್ವಾ?”

ಅವರ ತಂದೆ ಆಲೆಮನೆ ನಡೆಸುತ್ತಿದ್ದರೆಂದು ನನಗೆ ತಿಳಿದದ್ದು ಅದೇ ಮೊದಲು. ಗಾರೆಗೆ ಬೆಲ್ಲ ಕೊಳ್ಳಲು ಹೋದಾಗೆಲ್ಲ ಅವರು ರಸ್ತೆಯಲ್ಲೇ ನಿಂತು ನನ್ನನ್ನು ಮಾತ್ರ ಒಳಗೆ ಕಳಿಸುತ್ತಿದ್ದುದು ನೆನಪಾಯಿತು. ಮೇಡಂ ಕನ್ನಡಕ ಒರೆಸಲಿಲ್ಲ. ಕೈ ಎರಡೂ ಟವೆಲ್ ಗಂಟಿನ ಮೇಲಿತ್ತು.

“ಗೊತ್ತಲ್ಲಣ್ಣ. ನಂಗೂ ಗೊತ್ತು. ನಮ್ಮಪ್ಪ ಆಳುಗಳ ಊಟಕ್ಕೆ ಯಾವತ್ತೂ ಕಮ್ಮಿ ಮಾಡ್ಲಿಲ್ಲ. ರಾತ್ರಿ ಬೀಗ ಹಾಕೋದನ್ನೂ ತಪ್ಪಿಸ್ಲಿಲ್ಲ. ಅನ್ನ ತಗೊಂಡೋಗ್ತಿದ್ದೋಳು ನಾನೇ.”

ಅಧಿಕಾರಿ ಎಲೆಯನ್ನು ನೋಡಿದರು. ಗೂಡಿನ ಕಡೆ ನೋಡಿದರು. ಅವರ ಮುಖದಲ್ಲಿ ಧೈರ್ಯವೇನೂ ಇರಲಿಲ್ಲ. ಮುಜುಗರವಿತ್ತು. ಮುದ್ದೆ ಮುರಿಯಲು ಇಟ್ಟ ಬೆರಳನ್ನು ಹಿಂದೆ ತೆಗೆದು ಎದ್ದರು. ಪುಟ್ಟಮ್ಮನ ಕಡೆ ತಿರುಗಿ, “ತಪ್ಪು ತಿಳ್ಕೋಬೇಡಿ ತಾಯಿ,” ಅಂದರು. ಜಗಲಿ ಇಳಿದು, ದಾರಿ ದಾಟಿ, ಹಸಿ ಇಟ್ಟಿಗೆ ಒಣಹಾಕಿದ್ದ ಬಯಲಿನಲ್ಲಿ ಒಂದು ಮುರುಕು ಇಟ್ಟಿಗೆ ರಾಶಿಯ ಮೇಲೆ ಕೂತರು. ಯಜಮಾನರು ಹಿಂದೆ ಹೊರಟಾಗ, “ನೀವಲ್ಲೇ ಇರಿ,” ಅಂದರು.

ಬಹಳ ಹೊತ್ತು ಯಾರೂ ಅವರ ಹತ್ತಿರ ಹೋಗಲಿಲ್ಲ. ನಯಾಜ್ ನನ್ನ ಕಿವಿಯಲ್ಲಿ, “ಓಯ್ತು ಕಣಣ್ಣ, ಮೇಡಮ್ಮೋರ್ ಕತೆ,” ಅಂದ. ನನಗೂ ಹಾಗೇ ಅನ್ನಿಸಿತು.

ಆಮೇಲೆ ಹನುಮವ್ವ ಗುಂಪು ಬಿಟ್ಟು ಬಂದಳು. ಅಧಿಕಾರಿಯಿಂದ ದೂರದಲ್ಲಿ, ನೆಲದ ಮೇಲೆ ಕೂತಳು.

“ಸಾಹೇಬ್ರ, ಉಣಲಿಲ್ಲೇನ್ರೀ?”

“ಇಲ್ಲಮ್ಮ.”

“ಹಂಗಾರ ಹೇಳ್ತೀನ್ರಿ.” ಅವಳು ಕೈಯ ಕೆಸರನ್ನು ಸೀರೆಗೆ ಒರೆಸಿಕೊಂಡಳು. “ನಮ್ಮ ಫೋನು, ಕಾರ್ಡು ಎಲ್ಲಾ ಅವರ ಕಡಿ ಅದಾವ್ರಿ. ಮುಂಗಡದ ಹೆಸರು ಹೇಳಿ ಗೇಟ್ ದಾಟಗೊಡಂಗಿಲ್ರಿ. ನನ್ನ ಮಗಳು ಹಡದಾಳೋ ಇಲ್ಲೋ, ಅದಾಳೋ ಇಲ್ಲೋ, ನನಗ ಗೊತ್ತಿಲ್ರಿ.”

ಅವಳ ಹಿಂದೆ ಇನ್ನೊಬ್ಬಳು ಬಂದಳು. ಆಮೇಲೆ ಗಂಡಸರು. ಸಂಜೆಯವರೆಗೆ ಅಧಿಕಾರಿ ಅದೇ ರಾಶಿಯ ಮೇಲೆ ಕೂತು ಬರೆದುಕೊಂಡರು. ನಾನು ನೀರು ತಂದುಕೊಟ್ಟೆ, ನಮ್ಮ ಜೀಪಿನಿಂದ.

ಫೋನುಗಳನ್ನು ಮನೆಯೊಳಗಿಂದ ತರಿಸಿದರು. ಎಲ್ಲ ಸತ್ತುಹೋಗಿದ್ದವು. ಹನುಮವ್ವನದನ್ನು ನಯಾಜ್ ಜೀಪಿನಲ್ಲಿ ಚಾರ್ಜಿಗೆ ಹಾಕಿದ. ಅವಳು ಬಾನೆಟ್ಟಿಗೆ ಒರಗಿ ಮಾತಾಡಿದಳು. ಮಗಳು ಎರಡು ದಿನದ ಹಿಂದೆ ಹಡೆದಿದ್ದಳು; ಹೆಣ್ಣು ಕೂಸು, ಇಬ್ಬರೂ ಚೆನ್ನಾಗಿದ್ದರು. ನೆರೆಮನೆಯವರು ನೋಡಿಕೊಂಡಿದ್ದರು. ಹನುಮವ್ವ ನಗುತ್ತಾ ಅಳುತ್ತಾ ಇದ್ದಳು. ಮೇಡಂ ಜೀಪಿನ ಆಚೆ ಬದಿಗೆ ಹೋಗಿ ನಿಂತರು. ನಾನು ಹೋದಾಗ ನನ್ನನ್ನು ನೋಡದೆಯೇ ಅಂದರು: “ಅವತ್ತೇ ನಾನು ಉಣ್ಣದೇ ಇದ್ದಿದ್ರೆ ಇವಳು ಅಲ್ಲಿ ಇರ್ತಿದ್ಲು. ಒಂದು ಊಟಕ್ಕೆ ಒಂದು ಹೆರಿಗೆ ಹೋಯ್ತು.”

ಯಾರು ಎಷ್ಟು ಸಮಾಧಾನ ಹೇಳಿದರೂ ಆ ಮಾತನ್ನು ಅವರು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಬಿಡುಗಡೆಯ ಕಾಗದವಾಗಿ ಆ ಸಂಸಾರಗಳು ಊರಿಗೆ ಹೊರಟ ದಿನ ನಾವು ಮಂಡ್ಯದ ಬಸ್‌ಸ್ಟ್ಯಾಂಡಿಗೆ ಹೋಗಿದ್ದೆವು. ಹನುಮವ್ವ ಗಂಟು ಬಿಚ್ಚಿ, ಹಿಂದಿನ ದಿನ ಮಾಡಿದ್ದ ರೊಟ್ಟಿಯೊಂದನ್ನು ಮುರಿದು, ಮೇಲೆ ಚಟ್ನಿಪುಡಿ ಉದುರಿಸಿ ಮೇಡಂಗೆ ಚಾಚಿದಳು. “ತಗೋರಿ ಅಕ್ಕಾರ. ನಾ ಏನೂ ಮಾರಂಗಿಲ್ರಿ ನಿಮಗ.” ಮೇಡಂ ಅಲ್ಲೇ ನಿಂತು ತಿಂದರು, ಪುಡಿಯನ್ನೂ ಬಿಡದೆ. ಆಮೇಲೆ ಅವರು ಬೇರೆಯವರ ಕೈಯಿಂದ ತಿಂದದ್ದನ್ನು ನಾನು ಕಾಣಲಿಲ್ಲ.

ಟ್ರಸ್ಟಿನವರು ಅವರನ್ನು ಕೆಲಸದಿಂದ ತೆಗೆಯಲಿಲ್ಲ. ತೆಗೆಯುವ ಹಾಗಿರಲಿಲ್ಲ; ಹೊರದೇಶದವರು ಮೆಚ್ಚಿ ಬರೆದಿದ್ದರು. ಆದರೆ ಸೆಕ್ರೆಟರಿ ಅವರೊಂದಿಗೆ ಕೆಲಸದ ಮಾತಲ್ಲದೆ ಬೇರೆ ಆಡಲಿಲ್ಲ. ಆ ಒಂದು ಲೋಡು ಇಟ್ಟಿಗೆಯನ್ನು ಗೋಡೆಗೆ ಹಾಕಕೂಡದೆಂದು ಮೇಡಂ ಹಟ ಹಿಡಿದರು. ಅದು ಇವತ್ತಿಗೂ ಕಲ್ಯಾಣಿಯ ದಂಡೆಯಲ್ಲಿ ಪಾಚಿಗಟ್ಟಿ ಪೇರಿಸಿದ ಹಾಗೇ ಇದೆ. ಮಂಟಪದ ಹಿಂಗೋಡೆ ಬಹಳ ದಿನ ಅರ್ಧಕ್ಕೇ ನಿಂತಿತ್ತು. ಬಂದ ಜನ ಯಾಕೆ ಅಂತ ಕೇಳಿದರೆ ಊರಿನವರು ಕಾರಣ ಹೇಳುತ್ತಿದ್ದರು. ಹೇಳುವಾಗ ಗೂಡಿನ ಬೀಗದ ಮಾತು ಬರುತ್ತಿರಲಿಲ್ಲ. ಎಲೆಯ ಮಾತು ಬರುತ್ತಿತ್ತು.

ಕೊನೆಯ ವರ್ಷಗಳಲ್ಲಿ ಮೇಡಂ ಬಸ್ಸಿನಲ್ಲಿ ಪಕ್ಕದವರು ಕಡಲೆಕಾಯಿ ಕೊಟ್ಟರೂ ಕೈ ಅಡ್ಡ ಹಿಡಿಯುತ್ತಿದ್ದರು. ಅವರು ಯಾರಿಗೆ ನೆಂಟರೋ ಅಂತ. ನಯಾಜ್ ಒಮ್ಮೆ ತಮಾಷೆ ಮಾಡಲು ಹೋಗಿ, ಅವರ ಮುಖ ನೋಡಿ ನಿಲ್ಲಿಸಿದ.

ಒಂದು ಬೆಳಗ್ಗೆ ಹಾಲು ಹಾಕುವವನು ಕೂಗಿದಾಗ ಬಾಗಿಲು ತೆರೆಯಲಿಲ್ಲ. ಎದೆ ನಿಂತಿತ್ತು ಅಂದರು ಡಾಕ್ಟರು. ತಿಥಿಯನ್ನು ಅಣ್ಣನೇ ಮಾಡಿದ. ಬಹಳ ಎಲೆ ತರಿಸಿದ್ದ. ಸೆಕ್ರೆಟರಿ ಬಂದು, ಫೋಟೋಗೆ ಹಾರ ಹಾಕಿ, ಕೆಲಸವಿದೆಯೆಂದು ಊಟಕ್ಕೆ ನಿಲ್ಲದೆ ಹೋದರು. ಅವರ ಹಿಂದೆ ಉಳಿದವರೂ ಒಬ್ಬೊಬ್ಬರಾಗಿ ಹೋದರು. ಉದ್ದಕ್ಕೆ ಹಾಸಿದ್ದ ಪಂಕ್ತಿಯಲ್ಲಿ ನಾನು, ನನ್ನ ಹೆಂಡತಿ, ನಯಾಜ್, ಆ ಅಣ್ಣನ ಮನೆಯವರು. ನಯಾಜ್ ಮತ್ತೆ ಮತ್ತೆ ಹಾಕಿಸಿಕೊಂಡ. ಹಸಿವಿಗಲ್ಲ.

ಆ ಮಂಗಳವಾರ ಆ ಜಗಲಿಯಲ್ಲೋ ಅಂಗಳದಲ್ಲೋ ಇದ್ದು, ನಾನು ಬರೆದದ್ದನ್ನು ಕಣ್ಣಾರೆ ಕಂಡು, ಇನ್ನೂ ಬದುಕಿರುವವರನ್ನು ಹೇಳಿಬಿಡುತ್ತೇನೆ. ನನ್ನ ಮಾತು ನಂಬದವರು ಅವರನ್ನು ಕೇಳಬಹುದು. ನಯಾಜ್, ಮಂಡ್ಯದಲ್ಲಿ ಈಗ ಸ್ವಂತ ಗಾಡಿ ಇಟ್ಟಿದ್ದಾನೆ. ಆ ಅಧಿಕಾರಿ, ನಿವೃತ್ತರಾಗಿ ಮೈಸೂರಿನಲ್ಲಿದ್ದಾರೆ. ಯಜಮಾನರು, ಅವರು ಬೇರೆಯಾಗಿ ಹೇಳುತ್ತಾರೆ, ಅದನ್ನೂ ಕೇಳಿ. ಪುಟ್ಟಮ್ಮ, ಕಣ್ಣು ಮಂಜಾಗಿದೆ, ನೆನಪು ಚೆನ್ನಾಗಿದೆ. ಸಾವಿನ ಸುದ್ದಿ ಹೇಳಲು ಹೋದಾಗ, “ನನ್ ಕೈಲಿ ಒಂದ್ಸಲ ಉಂಡಿದ್ಲು ಆಯಮ್ಮ. ಚೆಂದಾಗ್ ಉಂಡ್ಳು,” ಅಂದರು.

ಮತ್ತೆ ಹನುಮವ್ವ. ಅವಳ ನಂಬರು ನಯಾಜನ ಫೋನಿನಲ್ಲಿತ್ತು. ತಿಥಿ ಆದ ಮರುದಿನ ಫೋನ್ ಮಾಡಿದೆ. ಹಿಂದೆ ಒಂದು ಹುಡುಗಿಯ ಗಲಾಟೆ ಕೇಳುತ್ತಿತ್ತು. ನಾನು ಯಾರು, ಸುದ್ದಿ ಏನು ಎಂದು ತಿಳಿದ ಮೇಲೆ ಅವಳು ಆ ಹುಡುಗಿಯನ್ನು ಸುಮ್ಮನಾಗಿಸಿದಳು. ಏನಾಗಿತ್ತು ಅಂತ ಕೇಳಲಿಲ್ಲ.

“ರಾತ್ರಿ ಉಂಡಿದ್ರೇನ್ರೀ ಅಕ್ಕಾರು?” ಅಂತ ಕೇಳಿದಳು.

ಆ ಬೆಳಗ್ಗೆ ಮೇಡಂ ಮನೆಯೊಳಗೆ ಮೊದಲು ಹೋದವರಲ್ಲಿ ನಾನೂ ಒಬ್ಬ. ಅಡಿಗೆಕಟ್ಟೆಯ ಮೇಲೆ ನೋಡಿದ್ದೆ.

“ಉಂಡಿದ್ರು ಕಣವ್ವ,” ಅಂದೆ. “ತಟ್ಟೆ ತೊಳೆದು ಕವುಚಿ ಇಟ್ಟಿದ್ರು. ಒಂದೇ ತಟ್ಟೆ.”